ಆಮೇಲೆ ಹೇಳ್ತೀನಿ

ಈಗಲೂ ಯಾರ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತರೂ ನನ್ನ ಕಣ್ಣು ಎಲೆಯ ಮೇಲಿರುವುದಿಲ್ಲ, ಬಡಿಸುವವರ ಕೈಯ ಸೌಟಿನ ಮೇಲಿರುತ್ತದೆ. ಹೊಟ್ಟೆಬಾಕಿ ಅಂದುಕೊಳ್ಳುವವರು ಅಂದುಕೊಳ್ಳಲಿ, ನನಗೇನು. ನಾನು ಕಾಯುವುದು ಸಾರಿಗಲ್ಲ. ಆ ಸೌಟು ಕೆಳಗಿಳಿದು, ಕೈ ಖಾಲಿಯಾಗಿ, ನನ್ನ ಕಡೆ ತಿರುಗೀತೇ ಅಂತ ಕಾಯುತ್ತೇನೆ. ಹಾಗೆ ಸೌಟು ಕೆಳಗಿಡುತ್ತಿದ್ದವಳು ಒಬ್ಬಳೇ, ನನ್ನಮ್ಮ. ಅವಳು ತೀರಿಕೊಂಡು ವರ್ಷಗಳಾದವು. ಆದರೂ ನೋಡುತ್ತೇನೆ.

ನನಗೆ ಕಿವಿ ಕೇಳಿಸುವುದಿಲ್ಲ. ಮಾತು ಕಲಿಯುವ ಮೊದಲೇ ಜ್ವರ ಬಂತಂತೆ, ಜ್ವರ ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತಂತೆ. ಹೀಗೆ ‘ಅಂತೆ’ ಸೇರಿಸಿ ಹೇಳಬೇಕಾದ ಸಂಗತಿಗಳೇ ನನ್ನ ಬದುಕಿನಲ್ಲಿ ಜಾಸ್ತಿ. ಇಲ್ಲಿ ಬರುವ ಮಾತುಗಳೂ ಅಷ್ಟೇ. ಅರ್ಧ ತುಟಿಯ ಮೇಲೆ ಕಂಡದ್ದು, ಅರ್ಧ ಊಹಿಸಿದ್ದು, ಕೆಲವನ್ನು ಎಷ್ಟೋ ವರ್ಷದ ಮೇಲೆ ಕೇಳಿ ಖಾತ್ರಿ ಮಾಡಿಕೊಂಡದ್ದು. ನಮ್ಮಜ್ಜಿ ಮಾತಿನಲ್ಲಿ ‘ಹ’ ನುಂಗುತ್ತಿದ್ದಳು ಅಂತ ನನ್ನ ಚಿಕ್ಕಪ್ಪನ ಮಕ್ಕಳು ಗೇಲಿ ಮಾಡುತ್ತಿದ್ದರು. ನನಗೆ ಅದೂ ಗೊತ್ತಾಗಿರಲಿಲ್ಲ. ತುಟಿಯ ಮೇಲೆ ‘ಹ’ ಕಾಣುವುದೇ ಇಲ್ಲವಲ್ಲ.

ನಮ್ಮ ಮನೆ ಇದ್ದದ್ದು ನಮ್ಮೂರಿನ ಅಗ್ರಹಾರ ಅನ್ನುವ ಬಡಾವಣೆಯ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಮುಂದೆ ಅಪ್ಪನ ಅಂಗಡಿ: ವಿಭೂತಿ ಗಟ್ಟಿ, ರುದ್ರಾಕ್ಷಿ, ಊದಿನಕಡ್ಡಿ, ಲಿಂಗ ಕಟ್ಟಿಕೊಳ್ಳುವ ಶಿವದಾರ. ಹಿಂದೆ ಮನೆ. ಮನೆಯ ಯಜಮಾನಿಕೆ ಅಪ್ಪನ ತಾಯಿಯದು, ಅಂದರೆ ಅಜ್ಜಿಯದು. ಮಾತಿನ ಯಜಮಾನಿಕೆ ಚಿಕ್ಕಪ್ಪನದು. ಅವರು ಬಾಯಿ ತೆರೆದರೆ ಸಾಕು, ಮನೆಯೆಲ್ಲ ನಗುತ್ತಿತ್ತು. ಅವರಿಗೆ ತುಟಿ ಮುಚ್ಚುವಂಥ ದಪ್ಪ ಮೀಸೆ. ಮೀಸೆಯವರ ತುಟಿ ಓದುವ ಕಷ್ಟ ನನ್ನಂಥವರಿಗೇ ಗೊತ್ತು. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ತಮಾಷೆಯ ಮನುಷ್ಯ ನನ್ನ ಪಾಲಿಗೆ ಬರೀ ಅಲುಗಾಡುವ ಮೀಸೆಯಾಗಿದ್ದರು.

ನಾನು ಚಿಕ್ಕವಳಿದ್ದಾಗ ಕಿವಿ ಪರೀಕ್ಷೆ ಮಾಡಿದವರು ಅಮ್ಮನಿಗೆ ಒಂದು ಮಾತು ಹೇಳಿ ಕಳಿಸಿದ್ದರು: “ಕೈಸನ್ನೆ ಮಾತ್ರ ಮಾಡ್ಬೇಡಿ ಕಣಮ್ಮ, ಸನ್ನೆ ಅಭ್ಯಾಸ ಆದ್ರೆ ಮಗು ಬಾಯಿ ಬಿಡೋದಿಲ್ಲ.” ಆ ಕಾಲದಲ್ಲಿ ಎಲ್ಲ ಕಡೆಯೂ ಹಾಗೇ ಹೇಳುತ್ತಿದ್ದರು, ಕೆಟ್ಟ ಮನಸ್ಸಿನಿಂದೇನಲ್ಲ. ಅಮ್ಮ ಅದನ್ನು ವ್ರತದ ಹಾಗೆ ಹಿಡಿದಳು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ನನ್ನ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು ಮಾತು ಕಲಿಸುತ್ತಿದ್ದಳು. ‘ಪ’ ಅಂದರೆ ತುಟಿಯ ಮುಂದೆ ಹಿಡಿದ ಕಾಗದದ ಚೂರು ಅಲ್ಲಾಡಬೇಕು. ‘ಮ’ ಅಂದರೆ ಮೂಗು ನಡುಗಬೇಕು. ಅವಳ ಗಂಟಲಿನ ಬಿಸಿ ನನ್ನ ಅಂಗೈಗೆ ಇನ್ನೂ ನೆನಪಿದೆ. ಹಾಗೂ ಹೀಗೂ ನನಗೆ ಮಾತು ಬಂತು, ಅಂಗಡಿಗೆ ಬಂದವರಿಗೆ ಅರ್ಥವಾಗದಷ್ಟು, ಅಮ್ಮನಿಗೆ ಅರ್ಥವಾಗುವಷ್ಟು.

ಆದರೆ ನನ್ನ ಮುಂದೆ ಮಾತಾಡುವಾಗಲೆಲ್ಲ, ಎಲ್ಲಿ ಕೈ ತಾನಾಗಿ ಆಡಿಬಿಡುತ್ತದೋ ಅಂತ ಹೆದರಿ, ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದಳು. ಬೇರೆಯವರ ಜೊತೆ ಮಾತಾಡುವಾಗ ಅವಳ ಕೈ ನೋಡಬೇಕಿತ್ತು ನೀವು! ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತರಂತೂ ಎರಡೂ ಕೈ ಗಾಳಿಯಲ್ಲೇ. ಎಷ್ಟು ದೂರದಿಂದ ನೋಡಿದರೂ ನನಗೆ ಜಗಳದ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ನನ್ನ ಕಡೆ ತಿರುಗಿದ ಕೂಡಲೇ ಆ ಕೈಗಳು ಸೆರಗಿನೊಳಗೆ ಹೋಗಿಬಿಡುತ್ತಿದ್ದವು.

ನಾನು ಎಂದೂ ತಪ್ಪದೆ ಓದಬಲ್ಲ ಮಾತೊಂದಿದೆ. ಅದು ‘ಆಮೇಲೆ ಹೇಳ್ತೀನಿ’. ಬಾಯಿ ಅಗಲವಾಗಿ ತೆರೆದು, ತುಟಿ ಮುಚ್ಚಿ, ಮತ್ತೆ ತೆರೆಯುವುದು. ಅದರಲ್ಲಿ ಊಹಿಸಲು ಏನೂ ಇಲ್ಲ. ಊಟಕ್ಕೆ ಎಲ್ಲರೂ ಸಾಲಾಗಿ ಕೂರುತ್ತಿದ್ದರು. ಅಮ್ಮ ಬಡಿಸುತ್ತಿದ್ದಳು. ಚಿಕ್ಕಪ್ಪನ ಮೀಸೆ ಅಲ್ಲಾಡುತ್ತಿತ್ತು, ಅಜ್ಜಿಯ ಭುಜ ಕುಣಿಯುತ್ತಿತ್ತು, ಅಪ್ಪ ಅನ್ನ ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದರು. ನಾನು ಅಮ್ಮನ ಸೀರೆ ಜಗ್ಗಿ “ಏನು?” ಅನ್ನುತ್ತಿದ್ದೆ. ಅಮ್ಮ ಸೌಟು ಹಿಡಿದುಕೊಂಡೇ “ಆಮೇಲೆ ಹೇಳ್ತೀನಿ” ಅನ್ನುತ್ತಿದ್ದಳು. ಆಮೇಲೆ ಅಂದರೆ ಪಾತ್ರೆ ಇರುತ್ತಿತ್ತು, ಒಲೆ ಸಾರಿಸುವುದಿರುತ್ತಿತ್ತು, ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುವುದಿರುತ್ತಿತ್ತು. ನಾನು ಬಿಡದೆ ಕೇಳಿದರೆ, “ಏನೋ ಸುಮ್ನೆ ಮಾತಾಡ್ಕೋತಿದ್ರು ಬಿಡು” ಅನ್ನುವಲ್ಲಿಗೆ ಮುಗಿಯುತ್ತಿತ್ತು. ಅಷ್ಟು ನಗು ‘ಏನೋ ಸುಮ್ನೆ’ ಹೇಗಾಗುತ್ತದೆ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದರಲ್ಲೂ ಒಂದು ದಿನದ ನಗು ನನ್ನನ್ನು ಬಿಡಲೇ ಇಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು, ನನಗೆ ಹತ್ತೋ ಹನ್ನೊಂದೋ ಇದ್ದಿರಬೇಕು. ಶಿವರಾತ್ರಿಯ ಮಾರನೇ ದಿನ. ಉಪವಾಸ, ಜಾಗರಣೆ ಮುಗಿಸಿ ಮನೆಯವರೆಲ್ಲ ಎಲೆ ಮುಂದೆ ಕೂತಿದ್ದರು. ಚಿಕ್ಕಪ್ಪ ಏನೋ ಹೇಳಿದರು. ಅಂಥ ನಗು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಕ್ಕಮ್ಮ ಎಲೆ ಬಿಟ್ಟು ಎದ್ದೇ ಹೋದರು. ಆ ನಗುವಿನ ನಡುವೆ ಅಪ್ಪ ಒಂದು ಗಳಿಗೆ ನನ್ನ ಕಡೆ ನೋಡಿ, ಥಟ್ಟನೆ ಮುಖ ತಿರುಗಿಸಿಕೊಂಡರು. ಇವರು ನಗುತ್ತಿರುವುದು ನನ್ನನ್ನು ನೋಡಿಯೇ ಅನ್ನಿಸಿತು. ಆಗ ತಾನೇ ನಾನು ಜೋರಾಗಿ ಏನೋ ಹೇಳಿದ್ದೆ, ಹೇಗೆ ಹೇಳಿದೆನೋ. ಅಮ್ಮನನ್ನು ಕೇಳಿದೆ. ಅವಳೂ ನಗು ತಡೆಯಲಾರದೆ, ಸೌಟು ಕೈಯಲ್ಲೇ ಹಿಡಿದು, “ಆಮೇಲೆ ಹೇಳ್ತೀನಿ” ಅಂದಳು. ಹೇಳಲಿಲ್ಲ. ಆವತ್ತಿನಿಂದ ನಾನು ಊಟಕ್ಕೆ ಕೂತಾಗ ‘ಏನು’ ಅಂತ ಕೇಳುವುದನ್ನು ಬಿಟ್ಟೆ. ತಲೆ ತಗ್ಗಿಸಿ ಉಂಡು ಎದ್ದುಬಿಡುತ್ತಿದ್ದೆ.

ಶಾಲೆ ಮುಗಿದ ಮೇಲೆ ನನ್ನನ್ನು ಹೊಲಿಗೆ ತರಬೇತಿಗೆ ಸೇರಿಸಿದರು. ಅಲ್ಲಿ ನನ್ನ ಹಾಗೇ ಕಿವಿ ಕೇಳಿಸದ ಒಬ್ಬ ಹುಡುಗಿ ಸಿಕ್ಕಳು. ರಾಜೀವನಗರದವಳು. ಅವಳ ಕೈ ಮಾತಾಡುತ್ತಿತ್ತು. ಮೊದಲು ನನಗೆ ನಾಚಿಕೆಯಾಯಿತು, ಸುತ್ತ ಯಾರಾದರೂ ನೋಡುತ್ತಿದ್ದಾರೇನೋ ಅಂತ ತಿರುತಿರುಗಿ ನೋಡಿದೆ. ಒಂದೆರಡು ತಿಂಗಳಲ್ಲಿ ನನ್ನ ಕೈಗೂ ಮಾತು ಬಂತು. ಅಬ್ಬಾ, ಆ ಸುಖ ಹೇಗೆ ಹೇಳಲಿ! ಊಹಿಸುವ ಕಷ್ಟವಿಲ್ಲ, ಮತ್ತೊಮ್ಮೆ ಹೇಳು ಅಂತ ಗೋಗರೆಯುವುದಿಲ್ಲ, ಹೇಳಿದ್ದು ಹೇಳಿದ ಹಾಗೇ ನೇರ ಒಳಗೆ ಇಳಿಯುತ್ತಿತ್ತು.

ಒಂದು ಭಾನುವಾರ ಅವಳು ನನ್ನನ್ನು ಮನೆಗೆ ಊಟಕ್ಕೆ ಕರೆದಳು. ನನಗಾಗಿ ಬೇರೆ ಪಾತ್ರೆಯಲ್ಲಿ ತರಕಾರಿ ಅಡಿಗೆ ಮಾಡಿಸಿದ್ದಳು. ಅವಳ ತಮ್ಮ ಏನೋ ಹೇಳಿದ, ಎಲ್ಲರೂ ನಕ್ಕರು. ನಾನು ಅಭ್ಯಾಸದಂತೆ ತಲೆ ತಗ್ಗಿಸಿದೆ. ಅವಳ ಅಮ್ಮ ನನ್ನ ಮುಂದೆ ನೆಲವನ್ನು ಎರಡು ಸಲ ತಟ್ಟಿದರು. ತಲೆಯೆತ್ತಿ ನೋಡಿದರೆ ಅವರ ಕೈ ಆಗಲೇ ಇಡೀ ತಮಾಷೆಯನ್ನು ಹೇಳುತ್ತಿತ್ತು. ಆ ಮನೆಯವರು ತಮ್ಮತಮ್ಮಲ್ಲಿ ಉರ್ದು ಆಡುತ್ತಾರೆ ಅನ್ನುವುದೇ ನನಗೆ ಒಂದು ವರ್ಷ ತಿಳಿದಿರಲಿಲ್ಲ. ನನಗೆ ಅದರ ಅಗತ್ಯವೇ ಬೀಳಲಿಲ್ಲ. ನಿಮಗೆ ಸನ್ನೆ ಯಾರು ಕಲಿಸಿದರು ಅಂತ ಅವರನ್ನು ಕೇಳಿದೆ. “ಯಾರೂ ಇಲ್ಲ. ಇವಳು ಹುಟ್ಟಿದಾಗ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನಮಗಾಗಲಿಲ್ಲ. ಅದಕ್ಕೇ ಸನ್ನೆ ಮಾಡಬೇಡ ಅಂತ ಹೇಳುವವರೂ ಇರಲಿಲ್ಲ” ಅಂದರು, ಕೈಯಲ್ಲೇ. ಆವತ್ತು ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ. ನನಗೆ ಆ ಮನೆ ಬೇಕಾಗಿರಲಿಲ್ಲ, ನನ್ನಮ್ಮನೇ ಬೇಕಾಗಿತ್ತು, ಆ ಕೈಗಳ ಜೊತೆ.

ಹೊಲಿಗೆ ನನ್ನ ಕೈಗೆ ಹತ್ತಲಿಲ್ಲ. ಬೇರೆ ಊರಿಗೆ ಹೋಗಿ ಸನ್ನೆಭಾಷೆ ಕಲಿಸುವ ತರಬೇತಿ ಮುಗಿಸಿ ಬಂದೆ. ಎರಡು ಸಾವಿರದ ಇಸವಿ ದಾಟಿತ್ತು. ನಮ್ಮೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಆಗ ತಾನೇ ಸನ್ನೆಭಾಷೆಯ ಸಣ್ಣ ಕೋರ್ಸೊಂದು ಶುರುವಾಗಿತ್ತು. ಶನಿವಾರ ಮಧ್ಯಾಹ್ನ ಮಾತ್ರ, ಶಾಲೆಯ ಮೇಷ್ಟರುಗಳಿಗೆ. ಅಲ್ಲಿ ನನ್ನನ್ನು ಪಾಠ ಹೇಳಲು ತೆಗೆದುಕೊಂಡರು. ವಿಭಾಗದ ಮುಖ್ಯಸ್ಥೆ ಕಿವಿ ಕೇಳಿಸುವವರೇ, ಆದರೆ ನಡುವಯಸ್ಸಿನಲ್ಲಿ ಹಠ ಹಿಡಿದು ಸನ್ನೆ ಕಲಿತವರು. ನಿಧಾನ, ಆದರೆ ಶುದ್ಧ ಕೈ ಅವರದು. ನಾವೆಲ್ಲ ಅವರನ್ನು ಮೇಡಂ ಅನ್ನುತ್ತಿದ್ದೆವು. ನನ್ನ ತರಗತಿಯ ಬಾಗಿಲಲ್ಲಿ ಒಂದು ಬೋರ್ಡು ಹಾಕಿದ್ದೆ: ‘ದನಿಯನ್ನು ಹೊರಗೆ ಬಿಟ್ಟು ಬನ್ನಿ’. ಒಳಗೆ ಬಾಯಲ್ಲಿ ಮಾತಾಡುವಂತಿಲ್ಲ. ಎಲ್ಲರನ್ನೂ ಕರೆಯಬೇಕಾದರೆ ದೀಪದ ಸ್ವಿಚ್ಚು ಆರಿಸಿ ಹಚ್ಚಬೇಕು. ಚಪ್ಪಾಳೆ ಅಂದರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುವುದು. ಕಿವಿ ಕೇಳಿಸುವವರು ಒಂದು ಗಂಟೆ ಬಾಯಿ ಮುಚ್ಚಿಕೊಂಡು ಪಡುವ ಪಾಡು ನೋಡಿ ಒಳಗೊಳಗೇ ಖುಷಿಪಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಮೇಡಂ ಕೋರ್ಸನ್ನು ದೊಡ್ಡದು ಮಾಡುವ ಮಾತೆತ್ತಿದರು. ಒಂದು ವರ್ಷದ ಡಿಪ್ಲೊಮಾ ಬರಬೇಕು. ಸನ್ನೆ ಒಂದೇ ಅಲ್ಲ, ಕಿವುಡರು ಮನೆಯಲ್ಲಿ, ಶಾಲೆಯಲ್ಲಿ, ಸಂತೆಯಲ್ಲಿ ಹೇಗೆ ಬದುಕುತ್ತಾರೆ ಅನ್ನುವುದಕ್ಕೂ ಒಂದು ಪತ್ರಿಕೆ ಇರಬೇಕು, ಅದನ್ನು ಕಿವುಡರೇ ಕಲಿಸಬೇಕು. ನನ್ನ ಕಣ್ಣು ಅರಳಿತು. “ಆದರೆ ಅದಕ್ಕೆ ಮೊದಲು, ಮನೆಯವರಿಗಾಗಿ ಸಂಜೆಯ ಬ್ಯಾಚೊಂದು ಮಾಡಿ ತೋರಿಸಬೇಕು. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಾದರೂ ಸರಿ. ಅದು ತುಂಬಿದರೆ ಮೇಲಿನವರು ಒಪ್ಪುತ್ತಾರೆ” ಅಂದರು.

ಹುಡುಕಿಕೊಂಡು ಹೊರಟೆ. ಕಿವುಡ ಮಕ್ಕಳಿದ್ದ ಮನೆ ಮನೆಗೆ ಹೋದೆ. ರಾಜೀವನಗರದ ಗೆಳತಿಯ ಅಮ್ಮ ಮೊದಲು ಒಪ್ಪಿದರು, “ನನಗೆ ಕಲಿಯುವುದು ಏನಿದೆ, ಆದರೂ ಬರುತ್ತೇನೆ” ಅಂತ. ಉಳಿದವರಲ್ಲಿ ಬಹಳ ಜನ ಕಾಫಿ ಕೊಟ್ಟು ಕಳಿಸಿದರು. “ನಮ್ದೇನೋ ನಡೀತದೆ ಕಣಮ್ಮ, ಮನೆ ಕೆಲ್ಸ ಬುಟ್ಟು ಎಲ್ಲಿ ಬರೋದು” ಅನ್ನುವರು. ಎಲ್ಲರ ಮನೆಯ ಬಾಗಿಲಿಗೂ ಹೋದವಳು ನನ್ನಮ್ಮನನ್ನು ಮಾತ್ರ ಕೇಳಲಿಲ್ಲ. ಕೇಳಿ, ಅವಳು “ಆಮೇಲೆ ನೋಡೋಣ” ಅಂದುಬಿಟ್ಟರೆ? ಆ ಮಾತನ್ನು ಇನ್ನೊಂದು ಸಲ ಆ ತುಟಿಯ ಮೇಲೆ ನೋಡುವ ಶಕ್ತಿ ನನಗಿರಲಿಲ್ಲ.

ಮೊದಲ ಸಂಜೆ ಆರೇಳು ಜನ ಬಂದಿದ್ದರು. ನಾನು ಬೋರ್ಡಿಗೆ ಮುಖ ಮಾಡಿ ಏನೋ ಬರೆಯುತ್ತಿದ್ದೆ. ದೀಪ ಆರಿ ಹತ್ತಿತು. ಯಾರೋ ಕರೆಯುತ್ತಿದ್ದಾರೆ ಅಂತ ತಿರುಗಿದರೆ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಅಮ್ಮ ನಿಂತಿದ್ದಳು. ಹಬ್ಬಕ್ಕೆ ಉಡುವ ಹಸಿರು ಸೀರೆ, ಹಣೆತುಂಬ ವಿಭೂತಿ, ಬರಿಗಾಲು. ದನಿಯನ್ನು ಹೊರಗೆ ಬಿಡಿ ಅಂದದ್ದಕ್ಕೆ ಚಪ್ಪಲಿಯನ್ನೂ ಹೊರಗೇ ಬಿಟ್ಟಿದ್ದಳು. ಅವಳ ಹಿಂದೆ ನಮ್ಮ ಬೀದಿಯ ಇನ್ನಿಬ್ಬರು ಹೆಂಗಸರು. ಆ ಇಬ್ಬರ ಮನೆಯಲ್ಲೂ ಕೇಳಿಸದ ಮಕ್ಕಳಿದ್ದರು, ಆ ಇಬ್ಬರೂ ನನಗೆ ಕಾಫಿ ಕೊಟ್ಟು ಕಳಿಸಿದವರೇ. ಅಮ್ಮನಿಗೆ ಕೋರ್ಸಿನ ಸುದ್ದಿ, ದೀಪ ಆರಿಸಿ ಕರೆಯುವ ಪದ್ಧತಿ ಎಲ್ಲ ಅವರಿಂದಲೇ ತಿಳಿದಿತ್ತು. ಅವಳು ಯಾರ ಮುಖವನ್ನೂ ನೋಡದೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಆವತ್ತು ಪಾಠ ಹೇಗೆ ಮಾಡಿದೆನೋ ಆ ಶಿವನಿಗೇ ಗೊತ್ತು.

ವಿದ್ಯಾರ್ಥಿಯಾಗಿ ಅಮ್ಮ ಏನೇನೂ ಸಾಲದು. ಎದುರಿನವರ ಮುಖ ನೋಡಬೇಕು ಅಂದರೆ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು, ಒಲೆಯಲ್ಲಿ ಸುಟ್ಟುಕೊಂಡವಳ ಹಾಗೆ. ಅರ್ಧ ಹೇಳುವಷ್ಟರಲ್ಲಿ ಕೈ ಸೆರಗಿನೊಳಗೆ ಓಡುತ್ತಿತ್ತು. ಒಂದು ಸಂಜೆ ಅವಳು ಎದ್ದು ನಿಂತು ‘ಅಡಿಗೆ’ ಅಂತ ಸನ್ನೆ ಮಾಡಿದಾಗ ಕ್ಲಾಸೆಲ್ಲ ನಕ್ಕಿತು. ನನಗೆ ಮತ್ತೆ ಆ ಶಿವರಾತ್ರಿಯ ಮಾರನೇ ದಿನ ನೆನಪಾಯಿತು. ಮುಂದಿನ ಬೆಂಚಿನಲ್ಲಿದ್ದ ರಾಜೀವನಗರದ ಗೆಳತಿಯ ಅಮ್ಮ ಆ ಕ್ಷಣವೇ ನನಗೆ ಕೈಯಲ್ಲಿ ಹೇಳಿದರು: “ನಿಮ್ಮಮ್ಮನ ಬಳೆ. ಎಲ್ಲರೂ ಬಾಯಿ ಮುಚ್ಚಿಕೊಂಡಿರುವಾಗ ಅದೊಂದೇ ಗಲಗಲ ಅಂತಿದೆ.” ಅಮ್ಮನ ಬಳೆಗೆ ಸದ್ದಿದೆ ಅಂತ ನನಗೆ ಗೊತ್ತಾದದ್ದು ಆವತ್ತು. ಅಮ್ಮ ನಾಚಿ ಬಳೆಗಳನ್ನು ಮೊಣಕೈಯವರೆಗೂ ತಳ್ಳಿಕೊಂಡಳು. ಮುತ್ತೈದೆ, ತೆಗೆದಿಡುವ ಹಾಗಿಲ್ಲವಲ್ಲ. ಅಂದಿನಿಂದ ಕ್ಲಾಸಿಗೆ ಬಂದ ಕೂಡಲೇ ಬಳೆ ಮೇಲೆ ತಳ್ಳುವುದು ಅವಳ ಪದ್ಧತಿಯಾಯಿತು. ನಿಧಾನವಾಗಿ ಕೈಗಳು ಹೊರಗೇ ಉಳಿಯತೊಡಗಿದವು. ಅಜ್ಜಿ ಮನೆಯಲ್ಲಿ “ಒಬ್ಳು ಮೂಗಿ ಸಾಲ್ದು ಅಂತ ಇವ್ಳೂ ಕಲಿಯಾಕೆ ಒಂಟವ್ಳೆ” ಅಂತ ಗೊಣಗುತ್ತಿದ್ದುದನ್ನು, ಅಜ್ಜಿಯ ವಕ್ರಬಾಯಿಯ ಸಮೇತ, ಅಮ್ಮ ಕ್ಲಾಸಿನಲ್ಲಿ ಮಾಡಿ ತೋರಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮಮ್ಮ ಇಷ್ಟು ಪೋಲಿ ಅಂತ ನನಗೆ ತಿಳಿದೇ ಇರಲಿಲ್ಲ.

ಆದರೆ ಮನೆಗೆ ಬಂದರೆ ಮತ್ತೆ ಅದೇ. ಬಸ್ಸಿಳಿದು ಬೀದಿಗೆ ತಿರುಗುತ್ತಿದ್ದಂತೆ ಅವಳ ಕೈ ಸೆರಗು ಹುಡುಕುತ್ತಿತ್ತು. ನಾನು ಅಡಿಗೆಮನೆಯಲ್ಲಿ ನಿಂತು ಕೈಯಲ್ಲಿ ಕೇಳಿದರೆ ಬಾಯಲ್ಲಿ ಉತ್ತರ ಕೊಡುವಳು.

“ಕೈಯಲ್ಲಿ ಹೇಳಮ್ಮ.”

“ಅತ್ತೆ ನೋಡ್ತಾರೆ ಕಣೇ.”

“ನೋಡಲಿ.”

“ಸುಮ್ನಿರು, ಅಂಗಡೀಲಿ ಜನ ಇದ್ದಾರೆ.”

ನನಗೆ ಕೋಪ ನೆತ್ತಿಗೇರುತ್ತಿತ್ತು. ಸಂಜೆಯ ಒಂದು ಗಂಟೆ ಮಾತ್ರ ಅಮ್ಮ, ಉಳಿದ ಹೊತ್ತೆಲ್ಲ ಮತ್ತದೇ ಮುಚ್ಚಿದ ಬಾಗಿಲು. ಕೊಟ್ಟು ಕಸಿದುಕೊಂಡರೆ ಮೊದಲಿಗಿಂತ ಹೆಚ್ಚು ನೋವಾಗುತ್ತದೆ. ಒಂದು ಬೆಳಿಗ್ಗೆ ದೇವರಮನೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದೆ. ಅಮ್ಮ ಪೂಜೆ ಮುಗಿಸಿ ಲಿಂಗದ ಮುಂದೆ ಕೂತು ಕೈಯಲ್ಲಿ ಮಾತಾಡುತ್ತಿದ್ದಳು. ಪಾಠದ ಅಭ್ಯಾಸ. ಯಾರೂ ನೋಡದ ಜಾಗ ಅಂತ ಅವಳಿಗೆ ಮನೆಯಲ್ಲಿದ್ದದ್ದು ಅದೊಂದೇ. ಎಷ್ಟು ಸಲೀಸಾಗಿ ಆಡುತ್ತಿತ್ತು ಆ ಕೈ! ‘ಬೆಳಿಗ್ಗೆ’, ‘ಹಾಲು’, ‘ನನ್ನ ಮಗಳು’. ನನ್ನ ನೆರಳು ಬಿದ್ದ ಕೂಡಲೇ ಕೈ ಒಳಗೆಳೆದುಕೊಂಡಳು. ನನಗೆ ಆ ದೇವರ ಮೇಲೆ ಹೊಟ್ಟೆಕಿಚ್ಚಾಯಿತು.

ಕೋರ್ಸಿನ ಕೊನೆಗೆ ಪರೀಕ್ಷೆ ಇತ್ತು. ಒಬ್ಬೊಬ್ಬರೇ ಬಂದು ತಮ್ಮ ಮನೆಯ ಒಂದು ಪ್ರಸಂಗವನ್ನು ಸನ್ನೆಯಲ್ಲಿ ಹೇಳಬೇಕು, ನಾವು ಒಂದೆರಡು ಪ್ರಶ್ನೆ ಕೇಳುತ್ತೇವೆ. ಮೇಡಂ ಮತ್ತು ನಾನು ಕೂತಿದ್ದೆವು. ಅಮ್ಮ ಬಂದು ನಿಂತು, ಬಳೆ ಮೇಲೆ ತಳ್ಳಿ, ಹಾಲು ಉಕ್ಕಿಸಿದ ಕಥೆ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಪ್ರಶ್ನೆ ಕೇಳುವ ಸರದಿ ನನ್ನದು. ಏನೋ ಒಂದು ಸುಲಭದ್ದು ಕೇಳಬೇಕೆಂದಿದ್ದವಳ ಕೈಯಿಂದ ಬೇರೆಯೇ ಬಂತು.

“ನಾನು ಚಿಕ್ಕವಳಿದ್ದಾಗ, ಶಿವರಾತ್ರಿಯ ಮಾರನೇ ದಿನ, ಊಟಕ್ಕೆ ಕೂತು ಎಲ್ಲರೂ ನಕ್ಕರಲ್ಲ, ಅಜ್ಜಿ ಕಣ್ಣೊರೆಸಿಕೊಂಡಳಲ್ಲ. ಯಾಕೆ?”

ಅಮ್ಮ ಕೆಳಗೆ ಜಾರಿದ್ದ ಬಳೆಗಳನ್ನು ಮತ್ತೆ ಮೇಲೆ ತಳ್ಳಿಕೊಂಡಳು. ಆಮೇಲೆ ಕೈಯೆತ್ತಿದಳು. “ಮರೆತುಹೋಗಿದೆ.”

“ನನ್ನನ್ನು ನೋಡಿ ನಕ್ಕರಾ?”

“ಗೊತ್ತಿಲ್ಲ. ಯಾಕೆ ನಕ್ಕರು ಅಂತ ನೆನಪಿಲ್ಲ. ನೀನು ಕೇಳಿದ್ದು ನೆನಪಿದೆ. ನಿನ್ನ ಮುಖ ನೆನಪಿದೆ. ನನ್ನ ಕೈಯಲ್ಲಿ ಸೌಟಿತ್ತು. ಎಲ್ಲರ ಊಟ ಆಗಲಿ, ಹೇಳೋಣ ಅಂದುಕೊಂಡೆ. ಊಟ ಆದ ಮೇಲೆ ಪಾತ್ರೆ ಇತ್ತು. ಹೋಗಿಬಿಟ್ಟಿತು.”

ಇಲ್ಲ ಕಣೇ, ನಿನ್ನ ನೋಡಿ ಯಾರು ನಗ್ತಾರೆ ಅಂತ ಒಂದು ಸು‍ಳ್ಳು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ ಅವಳು. ಮೇಡಂ ತಲೆ ತಗ್ಗಿಸಿಕೊಂಡು ಕೂತಿದ್ದರು. ನಾನು ನ್ಯಾಯವಾಗಿ ಬರಬೇಕಾದ ಅಂಕಗಳನ್ನು ಹಾಕಿದೆ. ಅಷ್ಟು ವರ್ಷ ಕಾದಿದ್ದು ಹೀಗೆ ಕೊನೆಯಾಯಿತಲ್ಲ ಅಂತ ಒಳಗೆಲ್ಲ ಬರಿದಾಯಿತು. ಅಮ್ಮ ಕರೆತಂದವರೂ ಸೇರಿ ಆ ಬ್ಯಾಚು ತುಂಬಿದ್ದರಿಂದ ಮುಂದಿನ ವರ್ಷಕ್ಕೆ ಡಿಪ್ಲೊಮಾ ಮಂಜೂರಾಯಿತು. ಆ ಹೊಸ ಪತ್ರಿಕೆ ನನಗೇ ಬಂತು. ವಿಭಾಗದಲ್ಲಿ ಎಲ್ಲರೂ ಕೈಯೆತ್ತಿ ಅಲ್ಲಾಡಿಸಿದರು. ನಾನೂ ನಕ್ಕೆ, ಆದರೆ ಮನಸ್ಸು ನಗಲಿಲ್ಲ.

ಸ್ವಲ್ಪ ದಿನಕ್ಕೆ ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶ ಬಂತು. ಬೋಗಾದಿಯಲ್ಲಿ, ಅಲ್ಲಿನ ಹಳೇ ಊರಿನ ಪಕ್ಕದಲ್ಲೇ ಆಗ ತಾನೇ ಎದ್ದ ಬಡಾವಣೆಯಲ್ಲಿ. ಸುತ್ತ ಮರಳಿನ ಗುಡ್ಡೆ, ಅರ್ಧ ಕಟ್ಟಿದ ಗೋಡೆಗಳು, ನಡುನಡುವೆ ಹಳೇ ಊರಿನ ಹುಲ್ಲಿನ ಮೆದೆ. ನಾನು ಕ್ಲಾಸು ಮುಗಿಸಿಕೊಂಡು ಹೋಗುವ ಹೊತ್ತಿಗೆ ಪೂಜೆ ಮುಗಿದು ಪಂಕ್ತಿ ಹಾಕಿದ್ದರು. ಹಜಾರದ ಉದ್ದಕ್ಕೂ ಎರಡು ಸಾಲು, ನೆಂಟರು, ಇಷ್ಟರು, ಮಠದ ಕಡೆಯವರು. ನನ್ನ ಎದುರು ಸಾಲಿನಲ್ಲಿ ಅಜ್ಜಿ. ಹಿರಿಯ ಸೊಸೆಯಾದ್ದರಿಂದ ಬಡಿಸುವವಳು ಅಮ್ಮನೇ. ಒಂದು ಕೈಯಲ್ಲಿ ಸಾರಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಸೌಟು. ಎಲ್ಲರೂ ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಿದ್ದರು.

ಚಿಕ್ಕಪ್ಪನ ಮೀಸೆ ಅಲ್ಲಾಡಿತು. ನಗು ಶುರುವಾಯಿತು. ಆ ತುದಿಯಿಂದ ಈ ತುದಿಯವರೆಗೆ ಭುಜಗಳೆಲ್ಲ ಕುಣಿದವು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಥೇಟ್ ಆವತ್ತಿನ ಹಾಗೇ. ನಾನು ಏನೂ ಕೇಳಲಿಲ್ಲ. ತಲೆ ತಗ್ಗಿಸಿ ಉಪ್ಪಿನಕಾಯಿ ನೋಡುತ್ತಾ ಕೂತೆ.

ನನ್ನ ಎಲೆಯ ಮುಂದೆ ನೆಲ ಎರಡು ಸಲ ಅದುರಿತು. ತಲೆಯೆತ್ತಿದೆ. ಅಮ್ಮ ಬಕೆಟ್ಟನ್ನು ನೆಲದ ಮೇಲಿಟ್ಟು, ಸೌಟನ್ನು ಅದರೊಳಗೆ ಬಿಟ್ಟಳು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು, ಇನ್ನು ಕೈ ಬಚ್ಚಿಟ್ಟುಕೊಳ್ಳುತ್ತೇನೆಂದರೂ ಜಾಗವಿಲ್ಲದ ಹಾಗೆ. ಬಳೆಗಳನ್ನು ಮೊಣಕೈಗೆ ತಳ್ಳಿದಳು. ಆಮೇಲೆ, ಅಷ್ಟೂ ಜನರ ನಡುವೆ, ನನ್ನ ಮುಖ ನೋಡುತ್ತಾ, ಕೈಯಲ್ಲಿ ಹೇಳತೊಡಗಿದಳು.

ಬೆಳಿಗ್ಗೆ ಗೃಹಪ್ರವೇಶಕ್ಕೆ ಅಂತ ಹಳೇ ಊರಿನಿಂದ ಒಂದು ಹಸು ಹಿಡಿದು ತಂದಿದ್ದರು. ಹಸು ಒಳಗೆ ಬಂತು. ಬಂದದ್ದು ಹೊರಗೆ ಹೋಗಲು ಒಲ್ಲೆ ಅಂತು. ಅಡಿಗೆಮನೆಗೆ ಹೋಗಿ ಮಲಗಿಬಿಟ್ಟಿತು. ಮಂತ್ರ ಮುಗಿದರೂ ಏಳಲಿಲ್ಲ, ಪಾಪ, ಐನೋರು ಮತ್ತೆ ಮೊದಲಿಂದ ಶುರು ಮಾಡಿದರು. ಕೊನೆಗೆ ಎದ್ದು, ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ತಿಂದು, ಮತ್ತೆ ಹೋಗಿ ಅಲ್ಲೇ ಮಲಗಿತು. ಅಮ್ಮನ ತಲೆಯ ಮೇಲೆ ಕೊಂಬು ಬಂದಿತ್ತು. ಅಮ್ಮನ ರೆಪ್ಪೆ ಭಾರವಾಗಿತ್ತು. ಅಮ್ಮ ಮೆಲುಕು ಹಾಕುತ್ತಿದ್ದಳು.

ಎದುರು ಸಾಲಿನಲ್ಲಿ ಅಜ್ಜಿಯ ಬಾಯಿ ಆಡಿತು. “ಸಾರು ಆರೋಯ್ತದೆ ಕಣಮ್ಮ, ಬಡ್ಸು ಮದ್ಲು. ಎಲ್ರೂ ಕಾಯ್ತಾವ್ರೆ.”

ಅಮ್ಮ ಕೊಂಬು ಇಳಿಸಲಿಲ್ಲ. ಮುಖವನ್ನಷ್ಟೇ ಅತ್ತ ತಿರುಗಿಸಿದಳು. ಅವಳ ತುಟಿಯ ಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ಆ ಮಾತು ಕಂಡಿತು.

“ಆಮೇಲೆ ಬಡಿಸ್ತೀನಿ ಅತ್ತೆ.”

ಆ ಮಾತು ನನಗಲ್ಲದೆ ಬೇರೆಯವರಿಗೆ ಸಿಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ನನ್ನ ಕಡೆ ತಿರುಗಿ ಕಥೆ ಮುಗಿಸಿದಳು. ಹಸುವಿನ ಯಜಮಾನ ಕೈಮುಗಿದು ಹೇಳಿದನಂತೆ, ಅದರದ್ದೇನೂ ತಪ್ಪಿಲ್ಲ ಬುದ್ಧಿ, ಬಡಾವಣೆ ಆಗೋಕೆ ಮುಂಚೆ ಇದು ನಮ್ಮ ಕೊಟ್ಟಿಗೆಯ ಜಾಗ, ಅದು ಹುಟ್ಟಿದ್ದೇ ಇಲ್ಲಿ, ಅದರ ಮನೆಗೆ ಅದು ಬಂದಿದೆ ಅಂತ. ಅದಕ್ಕೆ ಚಿಕ್ಕಪ್ಪ, ಹಾಗಾದರೆ ನಾವು ಈ ಹಸುವಿನ ಬಾಡಿಗೆದಾರರು ಅನ್ನು ಅಂದರಂತೆ.

ನಾನು ಕೇಳಿದೆ, “ಅಷ್ಟೇನಾ?”

“ಅಷ್ಟೇ.”

“ಇಷ್ಟಕ್ಕೆ ಅಷ್ಟು ನಗುತ್ತಾರಾ?”

“ದಿನಾ ಇಷ್ಟಕ್ಕೇ ನಗೋದು ಕಣೇ ಅವರು.”

ನನಗೆ ನಗು ಬಂತು. ಹಸುವಿಗೋ, ಚಿಕ್ಕಪ್ಪನಿಗೋ, ಇಷ್ಟು ಸಣ್ಣದಕ್ಕೆ ಅಷ್ಟು ವರ್ಷ ಅತ್ತ ನನಗೋ, ಗೊತ್ತಿಲ್ಲ. ನನ್ನ ನಗು ಜೋರು, ಹೆಣ್ಣುಮಗಳು ಹಾಗೆ ನಗಬಾರದು ಅಂತ ಚಿಕ್ಕಂದಿನಿಂದ ಬಾಯಿ ಮುಚ್ಚಿಸಿದ್ದರು. ಆವತ್ತು ಮುಚ್ಚಲಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನೊಬ್ಬಳೇ ನಗುತ್ತಿದ್ದೆ. ಎರಡೂ ಸಾಲು ನನ್ನ ಕಡೆ ತಿರುಗಿತು. ಒಂದು ಗಳಿಗೆ ಬಿಟ್ಟು, ಅಜ್ಜಿಯಿಂದ ಹಿಡಿದು ಎಲ್ಲರೂ ಮತ್ತೆ ನಗತೊಡಗಿದರು. ನಾನು ಅಮ್ಮನ ಮುಖ ನೋಡಿದೆ. ಶಿವರಾತ್ರಿಯ ಮಾರನೇ ದಿನದ ಪ್ರಶ್ನೆಯನ್ನೇ ಕೇಳಿದೆ.

“ನನ್ನನ್ನು ನೋಡಿ ನಗುತ್ತಿದ್ದಾರಾ?”

ಅಮ್ಮ ತಡಮಾಡಲಿಲ್ಲ. “ಹೂಂ, ನಿನ್ನನ್ನು ನೋಡಿಯೇ. ನೀನು ನಗೋದು ನೋಡಿ.”

ನನಗೆ ಒಂದಿಷ್ಟೂ ನೋವಾಗಲಿಲ್ಲ. ಅಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಬಕೆಟ್ಟು ಎತ್ತಿಕೊಂಡು ಬಡಿಸಲು ಹೊರಟಳು. ಸಾರು ಆರಿಹೋಗಿತ್ತು. ಅಜ್ಜಿ ಮೊದಲ ತುತ್ತು ಬಾಯಿಗಿಟ್ಟು, ಅಮ್ಮನ ಕಡೆ ನೋಡಿ ಏನೋ ಅಂದಳು. ಪಕ್ಕದವರು ಕಿಸಕ್ಕನೆ ನಕ್ಕರು. ನಾನು ಕೈಯೆತ್ತಿ ಅಮ್ಮನನ್ನು ಕೇಳಿದೆ, “ಅಜ್ಜಿ ಏನಂದಳು?”

ಅಮ್ಮ ಮತ್ತೆ ಸೌಟು ಕೆಳಗಿಟ್ಟಳು.